ಅಲೆಯಿಲ್ಲದ ಊರಿಗೆ ಯಾವ ಹಲಗೆ?

ಜಮಖಂಡಿಯಿಂದ ಪಡುವಣಕ್ಕೆ ನೇರ ಗೆರೆ ಎಳೆದರೂ ಅರಬ್ಬೀ ಸಮುದ್ರ ಸುಮಾರು 200 ಕಿಲೋಮೀಟರು ದೂರ. ರಸ್ತೆ ಹಿಡಿದು ಘಟ್ಟ ಇಳಿದರೆ ಇನ್ನೂ ಹೆಚ್ಚು. ಆದರೆ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗ ಹುಡುಗಿಯರ ಮೊಬೈಲಿಗೆ ಆ ದೂರ ಲೆಕ್ಕಕ್ಕಿಲ್ಲ. ಅಲೆಯ ಮೇಲೆ ಹಲಗೆ ಹತ್ತಿ ಜಾರುವವರ ವಿಡಿಯೊ ಎಲ್ಲರ ಕೈಯಲ್ಲೂ ಇದೆ, ಆ ಹಲಗೆಯನ್ನು ಮನೆ ಬಾಗಿಲಿಗೆ ತಂದುಕೊಡುವ ಆನ್‌ಲೈನ್ ಅಂಗಡಿಯೂ ಇದೆ. ರಜೆ ಬಂತೆಂದರೆ ಗೋವಾ, ಕಾರವಾರ, ಮುರ್ಡೇಶ್ವರ, ಮಲ್ಪೆಯ ದಾರಿಯಲ್ಲಿ ಕೆಎ-48 ನಂಬರಿನ ಗಾಡಿಗಳು ಕಾಣುತ್ತವೆ. ಜಲಕ್ರೀಡೆಯ ಆಸೆ ಬಯಲುಸೀಮೆಗೆ ಸಲ್ಲದು ಎಂದು ಈಗ ಯಾರೂ ಹೇಳಲಾರರು. ಹಾಗಾದರೆ ಕೃಷ್ಣೆ, ಘಟಪ್ರಭೆಯ ದಂಡೆಯವರು ಏನು ಕೊಳ್ಳಬೇಕು, ಅದನ್ನು ಹಿಡಿದು ಯಾವ ನೀರಿಗೆ ಇಳಿಯಬೇಕು? ಸಾಮಾನನ್ನು ವಿಡಿಯೊ ನೋಡಿ ಆರಿಸಬಾರದು, ನೀರು ನೋಡಿ ಆರಿಸಬೇಕು ಎಂಬುದು ಈ ಬರಹದ ವಾದ. ಮುಲ್ಕಿಯ ಕಡಲು ಕೇಳುವ ಸಾಮಾನಿಗೂ ಬೀಳಗಿಯ ಹಿನ್ನೀರು ಕೇಳುವ ಸಾಮಾನಿಗೂ ಸಂಬಂಧ ಕಡಿಮೆ. ಕೆಲವು ಕಡೆ ಒಂದು ನೀರಿನಲ್ಲಿ ಜೀವ ಉಳಿಸುವ ವಸ್ತುವೇ ಇನ್ನೊಂದರಲ್ಲಿ ಜೀವ ತೆಗೆಯುತ್ತದೆ.

ಕರ್ನಾಟಕದ ಕರಾವಳಿಗೂ ಸರ್ಫಿಂಗ್ ಹಳೆಯದೇನಲ್ಲ. 2004ರಲ್ಲಿ ಮುಲ್ಕಿಯಲ್ಲಿ, ಅಮೆರಿಕದಿಂದ ಬಂದ ಸನ್ಯಾಸಿಯೊಬ್ಬರ ಆಶ್ರಮದ ಆಸರೆಯಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು. 2007ರಲ್ಲಿ ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಇಶಿತಾ ಮಾಳವೀಯ ದೇಶದ ಮೊದಲ ಮಹಿಳಾ ಸರ್ಫರ್ ಎಂದು ಹೆಸರಾದರು. 2016ರಲ್ಲಿ ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಸಲ ಸೇರಿಕೊಂಡಿತು. 2025ರ ಆಗಸ್ಟಿನಲ್ಲಿ ತಮಿಳುನಾಡಿನ ಮಾಮಲ್ಲಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವರು, ಕೋವಳಂ ಕಡಲ ತೀರದಲ್ಲಿ ಬೆಳೆದ, ಕರ್ನಾಟಕ ಮೂಲದ ರಮೇಶ್ ಬುದಿಹಾಳ್. ಒಳನಾಡಿನ ಹೆಸರು ಹೊತ್ತವರಿಗೂ ಅಲೆ ದಾರಿ ಬಿಡುತ್ತದೆ ಎನ್ನಲು ಇಷ್ಟು ಸಾಕು. ಆದರೆ ಒಂದು ಮಾತು ಮರೆಯಬಾರದು: ಅವರು ಅಲೆ ಕಲಿತದ್ದು ಅಲೆ ಇರುವ ಕಡೆ.

ಹಿನ್ನೀರಿನಲ್ಲಿ ಅಂಥ ಅಲೆ ಏಕೆ ಏಳುವುದಿಲ್ಲ? ಅಲೆಯ ಗಾತ್ರವನ್ನು ಮೂರು ಸಂಗತಿ ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸಿದ ಹೊತ್ತು, ಅಡೆತಡೆಯಿಲ್ಲದೆ ಅದು ನೀರಿನ ಮೇಲೆ ಓಡಿದ ದೂರ. ಮುಲ್ಕಿಗೆ ಬರುವ ಅಲೆ ಸಾವಿರಾರು ಕಿಲೋಮೀಟರು ಆಚೆ, ನಡುಗಡಲಿನ ಬಿರುಗಾಳಿಯಲ್ಲಿ ಹುಟ್ಟಿ, ದಾರಿಯುದ್ದಕ್ಕೂ ತಿದ್ದಿಕೊಂಡು, ದಡದ ಹತ್ತಿರ ನೀರಿನ ಆಳ ತನ್ನ ಎತ್ತರದ ಒಂದೂಕಾಲು ಪಟ್ಟಿಗೆ ಇಳಿದಾಗ ಮಗುಚಿ ಒಡೆಯುತ್ತದೆ. ಸರ್ಫರ್ ಹತ್ತುವುದು ಆ ಒಡೆಯುವ ಇಳಿಜಾರನ್ನು. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ 519.60 ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿ 123 ಟಿಎಂಸಿ ಅಡಿ ನೀರು ಹಿಡಿದರೂ, ಗಾಳಿಗೆ ಅಲ್ಲಿ ಸಿಗುವ ಓಟ ಕೆಲವೇ ಕಿಲೋಮೀಟರು. ಕೊರ್ತಿ-ಕೊಲ್ಹಾರದ ಸೇತುವೆಯ ಮೇಲೆ ನಿಂತು ನೋಡುವವರಿಗೆ ಕಡಲಿನಂತೆ ಕಾಣುವ ಆ ನೀರಿನಲ್ಲಿ ಏಳುವುದು ಗಿಡ್ಡ, ಅವಸರದ, ದಿಕ್ಕಿಲ್ಲದ ತೆರೆಗಳು. ಅವು ಹಲಗೆಯನ್ನು ಅಲುಗಿಸುತ್ತವೆ, ಹೊತ್ತು ಒಯ್ಯುವುದಿಲ್ಲ. ಇನ್ನು ಹಲಗೆಯ ಲೆಕ್ಕ. ಒಂದು ಲೀಟರು ಗಾತ್ರದ ವಸ್ತು ನೀರಿನಲ್ಲಿ ಹೆಚ್ಚೆಂದರೆ ಒಂದು ಕಿಲೋ ತೂಕವನ್ನು ತೇಲಿಸಬಲ್ಲದು; ಆರ್ಕಿಮಿಡೀಸನ ಈ ನಿಯಮಕ್ಕೆ ರಿಯಾಯಿತಿ ಇಲ್ಲ. ಸ್ಪರ್ಧೆಯಲ್ಲಿ ಬಳಸುವ ಚಿಕ್ಕ ಸರ್ಫ್ ಹಲಗೆಯ ಗಾತ್ರ ಸುಮಾರು 30 ಲೀಟರು. ಎಪ್ಪತ್ತು ಕಿಲೋದ ಯುವಕ ನಿಂತ ನೀರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಹಲಗೆ ಸಮೇತ ಮುಳುಗುತ್ತಾನೆ. ಕಡಲಿನಲ್ಲಿ ಅದು ಅವನನ್ನು ಹೊರುವುದು ಓಟದ ಬಲದಿಂದ, ತೇಲುವ ಬಲದಿಂದಲ್ಲ. ವಿಡಿಯೊದಲ್ಲಿ ಕಂಡ ಮಿಂಚುವ ಹಲಗೆಗೆ ಹಣ ಸುರಿದು ಚಿಕ್ಕಪಡಸಲಗಿಯಲ್ಲಿ ನೀರಿಗಿಳಿಸಿದವರ ಕೈಗೆ ಸಿಗುವುದು ದುಬಾರಿಯ ಇಸ್ತ್ರಿ ಮೇಜು.

ಹಾಗೆಂದು ಹಿನ್ನೀರಿಗೆ ಒಪ್ಪುವ ಹಲಗೆ ಇಲ್ಲವೆಂದಲ್ಲ. ನಿಂತುಕೊಂಡು ಉದ್ದನೆಯ ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್, ಕೂತು ಹುಟ್ಟು ಹಾಕುವ ಕಯಾಕ್, ಹಾಯಿ ಕಟ್ಟಿದ ವಿಂಡ್‌ಸರ್ಫಿಂಗ್ ಹಲಗೆ, ಸಣ್ಣ ಹಾಯಿದೋಣಿ ಇವೆಲ್ಲ ಒಡೆಯುವ ಅಲೆ ಕೇಳುವುದಿಲ್ಲ. ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ, ಆರು ಇಂಚು ದಪ್ಪದ ಪ್ಯಾಡಲ್ ಬೋರ್ಡಿನ ಗಾತ್ರ 280 ಲೀಟರಿನ ಆಸುಪಾಸು. ನೂರು ಕಿಲೋದ ಗೌಡರೂ ಅದರ ಮೇಲೆ ನೆಟ್ಟಗೆ ನಿಲ್ಲಬಹುದು. ಇದರ ಗಾಳಿ ತುಂಬುವ ಮಾದರಿಯಲ್ಲಿ ರಬಕವಿ-ಬನಹಟ್ಟಿಯವರು ಗಮನಿಸಬೇಕಾದ ಒಂದು ಜಾಣ್ಮೆ ಇದೆ. ಬರೀ ಚೀಲಕ್ಕೆ ಗಾಳಿ ತುಂಬಿದರೆ ಅದು ದುಂಡಗಾಗುತ್ತದೆ, ಚಪ್ಪಟೆ ಹಲಗೆಯಾಗುವುದಿಲ್ಲ. ಅದಕ್ಕಾಗಿ ಮೇಲಿನ ಪದರ, ಕೆಳಗಿನ ಪದರ ಎರಡನ್ನೂ ಮಗ್ಗದ ಮೇಲೆ ಒಟ್ಟಿಗೆ ನೇಯುತ್ತಾರೆ, ನಡುವೆ ಒಂದೇ ಅಳತೆಯ ಸಾವಿರಾರು ಎಳೆಗಳನ್ನು ಬಿಡುತ್ತಾರೆ. ಮಖಮಲ್ಲು ನೇಯುವ ವಿಧಾನದ ಬಳಗದ್ದೇ ಇದು. ಮಖಮಲ್ಲಿನಲ್ಲಿ ನಡುವಿನ ಎಳೆಗಳನ್ನು ಕತ್ತರಿಸುತ್ತಾರೆ, ಇಲ್ಲಿ ಹಾಗೇ ಉಳಿಸಿ ಹೊರಗೆ ಪಿವಿಸಿ ಲೇಪ ಕೊಡುತ್ತಾರೆ. ಚದರಂಗುಲಕ್ಕೆ 15 ಪೌಂಡು ಒತ್ತಡ ತುಂಬಿದಾಗ ಎಳೆಗಳೆಲ್ಲ ಬಿಗಿದು ಹಲಗೆ ಮರದಷ್ಟು ಗಟ್ಟಿಯಾಗುತ್ತದೆ. ನೇಕಾರರ ಊರಿಗೆ ಈ ಆಟ ಪರದೇಶದ್ದು ಎನಿಸಬೇಕಾಗಿಲ್ಲ. ಒಂದು ಎಚ್ಚರ ಮಾತ್ರ: ಬಾಗಲಕೋಟೆ ಜಿಲ್ಲೆಯ ಬಿಸಿಲಿನಲ್ಲಿ ಪೂರಾ ತುಂಬಿದ ಹಲಗೆಯನ್ನು ದಡದ ಮೇಲೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ನೆರಳಿಗೆ ಎಳೆಯಬೇಕು, ಇಲ್ಲವೇ ಗಾಳಿ ಇಳಿಸಬೇಕು.

ಸಾಮಾನಿಗೆ ಸ್ವಂತದ ಗುಣ ಕಡಿಮೆ, ನೀರೇ ಅದಕ್ಕೆ ಗುಣ ಕೊಡುತ್ತದೆ ಎಂಬುದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಲೀಶ್, ಅಂದರೆ ಹಲಗೆಗೂ ಕಾಲಿಗೂ ನಡುವಿನ ಹಗ್ಗ. ಕಡಲಿನಲ್ಲಿ ಸರ್ಫರ್ ಅದನ್ನು ಹಿಂಗಾಲಿನ ಹರಡಿಗೆ ಕಟ್ಟುತ್ತಾನೆ. ಬಿದ್ದರೂ ಹಲಗೆ ಕೈತಪ್ಪಿ ಹೋಗುವುದಿಲ್ಲ, ಹಿಂದಿರುವವರ ತಲೆಗೆ ಬಡಿಯುವುದಿಲ್ಲ, ದಣಿದವನಿಗೆ ತೇಲುವ ಆಸರೆ ಹತ್ತಿರವೇ ಇರುತ್ತದೆ. ಅದೇ ಹಗ್ಗವನ್ನು ಅದೇ ಕಾಲಿಗೆ ಕಟ್ಟಿಕೊಂಡು ಹರಿಯುವ ಹೊಳೆಗೆ ಇಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮುಳುಗಿದ ಜಾಲಿಯ ಟೊಂಗೆಗೋ ಸೇತುವೆಯ ಕಂಬಕ್ಕೋ ಪಂಪ್‌ಸೆಟ್ಟಿನ ಪೈಪಿಗೋ ಹಗ್ಗ ಸಿಕ್ಕಿಕೊಂಡಾಗ ಹರಿವು ಹಲಗೆಯನ್ನು ಒಂದು ಕಡೆ ಎಳೆಯುತ್ತದೆ, ಮನುಷ್ಯ ಇನ್ನೊಂದು ಕಡೆ ನೀರೊಳಗೆ ಸಿಕ್ಕಿಬೀಳುತ್ತಾನೆ; ಸೆಳವಿಗೆ ಎದುರಾಗಿ ಬಗ್ಗಿ ಹರಡಿನ ಪಟ್ಟಿ ಬಿಚ್ಚುವುದು ಗಟ್ಟಿಗರಿಗೂ ಆಗದ ಕೆಲಸ. ಅದಕ್ಕೇ ಹರಿಯುವ ನೀರಿಗೆ ಸೊಂಟದ ಬೆಲ್ಟಿಗೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೀಶ್ ಮಾಡಿದ್ದಾರೆ. ವೇಲ್ಸ್ ದೇಶದ ಹ್ಯಾವರ್‌ಫರ್ಡ್‌ವೆಸ್ಟ್ ಎಂಬ ಪುಟ್ಟ ಊರಿನಲ್ಲಿ 2021ರ ಅಕ್ಟೋಬರ್ 30ರಂದು ಪ್ಯಾಡಲ್ ಬೋರ್ಡಿನ ಒಂದು ತಂಡ ತುಂಬಿ ಹರಿಯುತ್ತಿದ್ದ ಹೊಳೆಯ ಗಿಡ್ಡ ಒಡ್ಡನ್ನು ದಾಟಲು ಹೋಗಿ ನಾಲ್ವರು ತೀರಿಕೊಂಡರು. ಕಾಲಿಗೆ ಕಟ್ಟುವ ಹಗ್ಗ ಅಂಥ ಹರಿವಿಗೆ ತಕ್ಕುದಲ್ಲ ಎಂಬುದು ಆಮೇಲಿನ ತನಿಖೆಯಲ್ಲಿ ಎದ್ದು ಬಂದ ಸಂಗತಿಗಳಲ್ಲಿ ಒಂದು.

ಆ ಗಿಡ್ಡ ಒಡ್ಡು ಎಂದದ್ದು ನಮ್ಮಲ್ಲಿ ಬ್ಯಾರೇಜ್. ಹಿಪ್ಪರಗಿ, ಚಿಕ್ಕಪಡಸಲಗಿ, ಗಲಗಲಿ ಹೀಗೆ ಕೃಷ್ಣೆಯ ಈ ಹರಹಿನಲ್ಲಿ ಒಂದರ ಹಿಂದೊಂದು ಬ್ಯಾರೇಜುಗಳಿವೆ. ಅವುಗಳ ಕೆಳಬದಿಯಲ್ಲಿ ನೀರು ಧುಮುಕಿ, ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಒಡ್ಡಿನ ಕಡೆಗೇ ಹಿಂದಿರುಗುತ್ತದೆ. ಆ ಸುತ್ತಿನಲ್ಲಿ ಸಿಕ್ಕ ಕಟ್ಟಿಗೆಯ ತುಂಡು ಗಂಟೆಗಟ್ಟಲೆ ಅಲ್ಲೇ ಗಿರಕಿ ಹೊಡೆಯುವುದನ್ನು ದಂಡೆಯ ಊರಿನವರು ನೋಡಿಯೇ ಇರುತ್ತಾರೆ. ಮನುಷ್ಯನ ಗತಿಯೂ ಅದೇ. ಲೈಫ್ ಜಾಕೆಟ್ ಕೂಡ ಅಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಏಕೆಂದರೆ ನೊರೆ ತುಂಬಿದ ನೀರು ಬರೀ ನೀರಿಗಿಂತ ಹಗುರ, ಅದರಲ್ಲಿ ತೇಲುವ ಬಲ ಕುಸಿಯುತ್ತದೆ. ಬ್ಯಾರೇಜಿನ ಕೆಳಗೆ ಆಟವಾಡಲು ಸರಿಯಾದ ಸಾಮಾನು ಯಾವುದು ಎಂದು ಕೇಳಿದರೆ ಅಂಥದ್ದು ಇಲ್ಲ ಎನ್ನುವುದೇ ಉತ್ತರ.

ಉಳಿದ ಕಡೆ ಜಾಕೆಟ್ ಮೊದಲ ಖರೀದಿಯಾಗಬೇಕು. ಸರ್ಫರುಗಳು ಜಾಕೆಟ್ ತೊಡುವುದಿಲ್ಲವಲ್ಲ ಎಂದು ವಿಡಿಯೊ ನೋಡಿದವರು ಕೇಳುತ್ತಾರೆ. ನಿಜ. ಒಡೆಯುವ ಅಲೆ ಮೈಮೇಲೆ ಬಂದಾಗ ಅವರು ಅದರ ಅಡಿಗೆ ಮುಳುಗಿ ಆಚೆ ಏಳಬೇಕು. ತೇಲಿಸುವ ಜಾಕೆಟ್ ಅವರನ್ನು ಅಲೆಯ ಬಾಯಿಗೇ ಒಡ್ಡುತ್ತದೆ. ಹಿನ್ನೀರಿನಲ್ಲಿ ಮುಳುಗಿ ತಪ್ಪಿಸಿಕೊಳ್ಳಬೇಕಾದ ಅಲೆ ಇಲ್ಲ, ದಡ ಮಾತ್ರ ದೂರ ಇದೆ. ಜಾಕೆಟ್ಟಿನ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಹೇಳುತ್ತಾರೆ: 50 ನ್ಯೂಟನ್ ಎಂದರೆ ಸುಮಾರು ಐದು ಕಿಲೋದಷ್ಟು ಎತ್ತುವ ಬಲ. ನೀರಿನೊಳಗೆ ನಮ್ಮ ಮೈ ತೂಗುವುದು ಕೆಲವೇ ಕಿಲೋ ಆದ್ದರಿಂದ ಈಸು ಬಲ್ಲವರಿಗೆ, ದಡದ ಹತ್ತಿರ ಹುಟ್ಟು ಹಾಕುವವರಿಗೆ ಅದು ಸಾಕು. ಆದರೆ ಎಚ್ಚರ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಈಸು ಬಾರದವರಿಗೆ ಕತ್ತಿನ ಹಿಂದೆ ದಿಂಬಿರುವ 100 ನ್ಯೂಟನ್ನಿನದು ಬೇಕು. ಅಂಗಡಿಯಲ್ಲಿ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನ ಮುದ್ರೆ ಇದೆಯೇ, ತೊಡೆಸಂದಿಯ ಪಟ್ಟಿ ಇದೆಯೇ ನೋಡಬೇಕು. ಜಾಕೆಟ್ ತೊಡಿಸಿ ಭುಜದ ಹತ್ತಿರ ಹಿಡಿದು ಮೇಲೆತ್ತಿದಾಗ ಅದು ಕಿವಿಯವರೆಗೆ ಸರಿದರೆ ಆ ಅಳತೆ ಬೇಡ. ಮುಧೋಳದ ರನ್ನನ ಕಾವ್ಯದಲ್ಲಿ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿ ಕೂತ. ಮಂತ್ರ ಬಾರದ ನಮಗೆ ಈ ಪಟ್ಟಿ, ಬಕ್ಕಲ್ಲುಗಳೇ ಗತಿ.

ಬಟ್ಟೆಯೂ ಸಾಮಾನೇ ಎಂಬುದನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತಿ ನೀರು ಕುಡಿಯುತ್ತದೆ, ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಬನಹಟ್ಟಿಯ ಹತ್ತಿ ಸೀರೆ ನೆಲದ ಮೇಲೆ ಎಷ್ಟು ಹಿತವೋ ನೀರಿನಲ್ಲಿ ಅಷ್ಟೇ ಅಪಾಯ. ಜೀನ್ಸ್ ಪ್ಯಾಂಟು ಅದಕ್ಕಿಂತ ಕೆಟ್ಟದ್ದು. ಮೈಗಂಟುವ ನೈಲಾನ್ ಇಲ್ಲವೇ ಪಾಲಿಯೆಸ್ಟರಿನ ಉದ್ದ ತೋಳಿನ ಅಂಗಿ, ಕಣಕಾಲು ಮುಚ್ಚುವ ಅದೇ ಬಗೆಯ ಪ್ಯಾಂಟು ನೀರು ಹಿಡಿಯುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ. ಮೈ ಪೂರಾ ಮುಚ್ಚುವ ಈ ಉಡುಪು ಇರುವುದರಿಂದ, ಹೆಣ್ಣುಮಕ್ಕಳು ನೀರಿಗಿಳಿಯದಿರಲು ಮನೆಯವರ ಸಂಕೋಚವನ್ನು ಕಾರಣವಾಗಿ ಹೇಳುವ ಮಾತು ಅರ್ಧ ಬಿದ್ದುಹೋಗುತ್ತದೆ.

ಈಗ ತಕರಾರುಗಳಿಗೆ ಬರೋಣ. ಹಿರಿಯರ ತಕರಾರು ಹೀಗಿದೆ: ನಾವು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವರು, ಒಣಗಿದ ಸೋರೆಬುರುಡೆ ಹಿಡಿದು ಹೊಳೆ ದಾಟಿದವರು, ನಮಗೆ ಯಾವ ನ್ಯೂಟನ್ ಲೆಕ್ಕವೂ ಇರಲಿಲ್ಲ. ಈ ಮಾತಿನಲ್ಲಿ ಹೆಮ್ಮೆ ಇದೆ, ಅದು ನ್ಯಾಯವಾದದ್ದೇ. ಆದರೆ ಬೆಂಡು, ಬುರುಡೆ ಎರಡೂ ತೇಲುವ ಸಾಧನಗಳೇ ತಾನೆ? ಅಂದಿನವರೂ ಬರಿಮೈಯಲ್ಲಿ ಧೈರ್ಯ ತೋರಿಸಲಿಲ್ಲ. ಕೈಗೆ ಸಿಕ್ಕ ಜಾಕೆಟ್ಟನ್ನೇ ತೊಟ್ಟರು. ಇನ್ನೊಂದು, ಅವರು ಕಲಿತ ನೀರು ಈಗಿಲ್ಲ. ಮೆಟ್ಟಿಲ ಬಾವಿಗಳು ಒಣಗಿ ಕೊಳವೆಬಾವಿ ಬಂದವು. ಮಕ್ಕಳಿಗೆ ಈಸು ಕಲಿಸುತ್ತಿದ್ದ ಶಾಲೆ ಮುಚ್ಚಿದಂತಾಯಿತು. ಬೇಸಿಗೆಯಲ್ಲಿ ಮೊಣಕಾಲುದ್ದ ಹರಿಯುತ್ತಿದ್ದ ಹೊಳೆಯಲ್ಲಿ ಈಗ ಬ್ಯಾರೇಜುಗಳ ಹಿಂದೆ ಆಳದ ನೀರು ನಿಲ್ಲುತ್ತದೆ, ತಳದಲ್ಲಿ ಎರೆಮಣ್ಣಿನ ಹೂಳು ಕೂತಿದೆ. ಹೊಳೆ ಬದಲಾಗಿದೆ, ಈಸುವವರ ಸಂಖ್ಯೆ ಇಳಿದಿದೆ. ಹಾಗಾಗಿ ಅಜ್ಜನ ಧೈರ್ಯವನ್ನು ಮೊಮ್ಮಗನಿಗೆ ಸಾಕ್ಷಿಯಾಗಿ ಹೇಳುವುದು ಸರಿಯಲ್ಲ.

ಎರಡನೆಯ ತಕರಾರು ಇದಕ್ಕಿಂತ ಗಟ್ಟಿ: ಕೃಷ್ಣೆಯಲ್ಲಿ ಮೊಸಳೆಗಳಿವೆ, ದಂಡೆಯುದ್ದಕ್ಕೂ ಕಬ್ಬಿಗೆ ನೀರೆತ್ತುವ ಮೋಟರುಗಳ ಕೇಬಲ್ಲುಗಳಿವೆ, ಹಿನ್ನೀರಿನಡಿ ಮುಳುಗಡೆಯಾದ ಊರುಗಳ ಗೋಡೆಗಳಿವೆ. ಇಂಥ ಕಡೆ ಆಟವೇ ಬೇಡ ಎನ್ನಬಾರದೇಕೆ? ಮೂರೂ ನಿಜ. ಹೊಳೆಯಿಂದ ಕಬ್ಬಿನ ಗದ್ದೆಗೆ ಬಂದ ಮೊಸಳೆಯನ್ನು ಹಿಡಿಯಲು ಅರಣ್ಯ ಇಲಾಖೆಯವರನ್ನು ಕರೆಸುವುದು ಈ ಭಾಗಕ್ಕೆ ಹೊಸ ಸುದ್ದಿಯಲ್ಲ. ಆದರೆ ಈ ವಾದ ಸಾಧಿಸುವುದು ಎಲ್ಲೆಂದರಲ್ಲಿ ಇಳಿಯಬೇಡಿ ಎಂಬುದನ್ನು ಮಾತ್ರ. ಜಾಗ ಆರಿಸಿ, ತಳ ನೋಡಿ, ಮೊಸಳೆ ಬೀಡುಬಿಟ್ಟ ಮಡುಗಳನ್ನು ಅರಣ್ಯ ಇಲಾಖೆಯಿಂದ ತಿಳಿದು ಬಿಟ್ಟು, ಬೋಯೆ ಕಟ್ಟಿ ಗಡಿ ಗುರುತಿಸಿ, ನೀರಿನ ಒಡೆತನದ ಇಲಾಖೆಯ ಒಪ್ಪಿಗೆ ಪಡೆದು ನಡೆಸುವ ಆಟಕ್ಕೆ ಅದು ಅಡ್ಡಿಯಲ್ಲ. ಹೇಳಿದರೂ ಕೇಳದೆ ಇಳಿಯುವವರು ಇಂದೂ ಇಳಿಯುತ್ತಿದ್ದಾರೆ. ನಿಷೇಧದ ಫಲಕ ಅವರಿಗೆ ಈಸು ಕಲಿಸುವುದಿಲ್ಲ. ಋತುವೂ ಮುಖ್ಯ. ಜುಲೈ, ಆಗಸ್ಟಿನಲ್ಲಿ ಕೊಯ್ನಾದಿಂದ, ಹಿಡಕಲ್‌ನಿಂದ ನೀರು ಬಿಟ್ಟಾಗ ಎರಡೂ ಹೊಳೆಗಳ ಹತ್ತಿರ ಸುಳಿಯಬಾರದು. ಏಪ್ರಿಲ್ ಹೊತ್ತಿಗೆ ಮಹಾರಾಷ್ಟ್ರದಿಂದ ನೀರು ಬಿಡಿಸಿ ಎಂದು ಮನವಿ ಕೊಡುವ ಸ್ಥಿತಿ. ಅಕ್ಟೋಬರಿನಿಂದ ಜನವರಿಯವರೆಗೆ ಹಿನ್ನೀರು ತುಂಬಿ, ಮುಂಜಾನೆ ಗಾಳಿ ತಣ್ಣಗಿರುತ್ತದೆ. ಮುಲ್ಕಿಯಲ್ಲಿ ಮಳೆಗಾಲದ ಅಬ್ಬರ ಇಳಿದು ಕಲಿಯುವವರಿಗೆ ಒಪ್ಪುವ ಅಲೆ ಬರುವುದೂ ಅಕ್ಟೋಬರಿನಿಂದಲೇ.

ಇದು ಉಳ್ಳವರ ಶೋಕಿ, ಕಬ್ಬಿನ ಬಿಲ್ಲಿಗೆ ಕಾಯುವ ರೈತನ ಮನೆಗೆ ಇದರಿಂದೇನು ಎಂಬುದು ಮೂರನೆಯದು. ಉತ್ತರ 2005, 2019ರ ನೆರೆಯಲ್ಲಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳದ ಓಣಿಗಳಿಗೆ ನುಗ್ಗಿತು, ಕೃಷ್ಣೆ ಜಮಖಂಡಿ ತಾಲ್ಲೂಕಿನ ದಂಡೆಯ ಊರುಗಳನ್ನು ಸುತ್ತುವರಿಯಿತು. ಮುತ್ತೂರಿನಂಥ ನಡುಗಡ್ಡೆಯವರಿಗೆ ದೋಣಿಯೇ ರಸ್ತೆ. ಅಂಥ ಹೊತ್ತಿನಲ್ಲಿ ಊರಲ್ಲೇ ಇಪ್ಪತ್ತು ಜಾಕೆಟ್ಟು, ನಾಲ್ಕು ಎಸೆಯುವ ಹಗ್ಗದ ಚೀಲ, ಹುಟ್ಟು ಹಾಕಬಲ್ಲ ಹತ್ತು ಮಂದಿ ಯುವಕರು ಇದ್ದರೆ ವಿಪತ್ತು ಪಡೆ ಬರುವವರೆಗಿನ ಗಂಟೆಗಳು ಬೇರೆಯಾಗಿರುತ್ತವೆ. ಜಲಕ್ರೀಡೆಯ ಸಾಮಾನು ವರ್ಷಕ್ಕೆ ನಾಲ್ಕು ತಿಂಗಳು ಆಟಕ್ಕೆ, ಎರಡು ತಿಂಗಳು ಆಪತ್ತಿಗೆ. ಒಬ್ಬೊಬ್ಬರೇ ಕೊಳ್ಳಬೇಕಾಗಿಯೂ ಇಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ಚಿಕ್ಕಪಡಸಲಗಿಯ ಬ್ಯಾರೇಜ್ ಕಟ್ಟಿ ಶ್ರಮಬಿಂದು ಸಾಗರ ಎಂದು ಹೆಸರಿಟ್ಟ ನಾಡಿಗೆ ನಾಲ್ಕು ಕಯಾಕು, ಇಪ್ಪತ್ತು ಜಾಕೆಟ್ಟು ಕೂಡಿ ಕೊಳ್ಳುವುದು ದೊಡ್ಡ ಮಾತೇ?

ಕಡಲಿಗೆ ಹೋಗುವವರ ವಿಷಯ ಬೇರೆ. ಅವರು ಒಯ್ಯಬೇಕಾದ ಸಾಮಾನು ಕಡಿಮೆ, ತಿಳಿದಿರಬೇಕಾದದ್ದು ಹೆಚ್ಚು. ಹಲಗೆ, ಲೀಶ್, ಮೇಣ ಎಲ್ಲ ಅಲ್ಲಿನ ಶಾಲೆಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಕಲಿಯುವವರಿಗೆ ಎಂಟು ಅಡಿಯ ಮೆತ್ತನೆ ಫೋಮ್ ಹಲಗೆ ಸರಿ, ತಲೆಗೆ ಬಡಿದರೂ ಒಡೆಯುವುದಿಲ್ಲ. ಹೊಳೆಯವರು ಕಡಲಿನಲ್ಲಿ ತಪ್ಪುವುದು ಸೆಳವಿನ ವಿಷಯದಲ್ಲಿ. ಹೊಳೆಯ ಸೆಳವಿನಲ್ಲಿ ಅಡ್ಡಕ್ಕೆ ಈಸಿದರೆ ದಂಡೆ ಸಿಗುತ್ತದೆ ಎಂಬುದು ಅವರ ರಕ್ತದಲ್ಲಿದೆ. ಕಡಲಿನ ಸೆಳವು ದಡದಿಂದ ನೇರ ಒಳಕ್ಕೆ ಎಳೆಯುತ್ತದೆ, ಕಣ್ಣೆದುರಿನ ದಡಕ್ಕೆ ನೇರ ಈಸಹೊರಟವರು ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಸರಿದು ಆಮೇಲೆ ತಿರುಗಬೇಕು. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಬಹಳ ಸಲ ಸೆಳವಿನ ಜಾಗ, ಒಳನಾಡಿನವರು ಇಳಿಯಲು ಆರಿಸುವುದೂ ಅದನ್ನೇ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಕಡಲು ಎಳೆದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲಾ ಪ್ರವಾಸದ ಬಸ್ಸು ಹತ್ತುವ ಮೊದಲು ಈ ಸೆಳವಿನ ಪಾಠ ಆಗಲೇಬೇಕು.

ಉಳಿದದ್ದು ಸ್ಫೂರ್ತಿಯ ಮಾತು. ಪ್ಯಾರಿಸ್ ನಗರಕ್ಕೂ ಕಡಲಿಲ್ಲ. 2024ರ ಒಲಿಂಪಿಕ್ಸಿನಲ್ಲಿ ಅವರು ಸರ್ಫಿಂಗನ್ನು 15,000 ಕಿಲೋಮೀಟರಿಗೂ ಆಚೆಯ ತಾಹಿತಿ ದ್ವೀಪಕ್ಕೆ ಕಳಿಸಿದರು, ಕಯಾಕ್ ಮತ್ತು ರೋಯಿಂಗ್ ಸ್ಪರ್ಧೆಗಳನ್ನು ನಗರದ ಪಕ್ಕದ ಕೆರೆಯಲ್ಲೇ ನಡೆಸಿದರು. ನಮ್ಮಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲಿ ಜಲಕ್ರೀಡಾ ಅಕಾಡೆಮಿ ಇದೆ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿಯ ಸ್ಪರ್ಧೆ ನಡೆಯುತ್ತದೆ. ಎರಡೂ ಒಳನಾಡಿನ ಊರುಗಳು. ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಕೆಂಪು ಬಂಡೆಗಳನ್ನು ಹತ್ತಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಹಿಮಾಲಯ ಇಲ್ಲಿಲ್ಲ ಎಂದು ಯಾರೂ ಕೈಕಟ್ಟಿ ಕೂತಿಲ್ಲ. ಮೈಯ ಸಿದ್ಧತೆಯಂತೂ ಇಲ್ಲಿ ಮೊದಲಿಂದ ಇದೆ: ಹಲಗೆಯ ಮೇಲೆ ಬೋರಲು ಮಲಗಿದವನು ಒಂದೇ ಚಿಮ್ಮಿಗೆ ಎದ್ದು ನಿಲ್ಲುವ ಪಟ್ಟಿಗೆ ಬೇಕಾದ ಭುಜ, ಸೊಂಟದ ಬಲವನ್ನು ಗರಡಿಯ ದಂಡ, ಬಸ್ಕಿ ಕೊಡುತ್ತವೆ.

ಆದ್ದರಿಂದ ಹಲಗೆ ಆರ್ಡರ್ ಮಾಡಲು ಬೆರಳೆತ್ತಿದವರಲ್ಲಿ ಒಂದು ಕೋರಿಕೆ. ಮೊದಲು ಈಸು ಕಲಿಯಿರಿ. ಆಮೇಲೆ ಮೈಗೆ ಸರಿಯಾದ ಜಾಕೆಟ್ ಕೊಳ್ಳಿ. ಹಲಗೆಯ ಹಣವನ್ನು ಗೆಳೆಯರೊಂದಿಗೆ ಕೂಡಿಸಿ ಒಂದು ಅಗಲ ಪ್ಯಾಡಲ್ ಬೋರ್ಡ್ ತರಿಸಿ. ಅಲೆಯ ಆಸೆ ತೀರದಿದ್ದರೆ ಮುಲ್ಕಿಗೆ ಹೋಗಿ ಬಾಡಿಗೆ ಹಲಗೆಯಲ್ಲಿ ಗುರುಗಳ ಕೈಕೆಳಗೆ ಕಲಿಯಿರಿ. ಜಿಲ್ಲಾಡಳಿತ ಬರುವ ಅಕ್ಟೋಬರಿನೊಳಗೆ ಬೀಳಗಿಯ ಹಿನ್ನೀರಿನಲ್ಲಿ ಕಾವಲುಗಾರರಿರುವ, ಗಡಿ ಗುರುತಿಸಿದ ಒಂದೇ ಒಂದು ಜಾಗವನ್ನು ಈಸುವವರಿಗೆಂದು ಬಿಟ್ಟುಕೊಡಲಿ.